ಬಲತೋಳಿನ ಗಂಟು

ಕೋವಿ ಹೊಡೆಯುವುದೆಂದರೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು, ಅಷ್ಟೇ ಎಂದು ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಅಂಥವರ ಕೈಗೆ ಒಂದು ರೈಫಲ್ ಕೊಟ್ಟು, ಸ್ವಲ್ಪ ಹೊತ್ತು ಅಲುಗಾಡದೆ ಹಿಡಿದುಕೊಂಡಿರಿ ಸ್ವಾಮಿ, ಅನ್ನಬೇಕು. ನೋಡುನೋಡುತ್ತಿದ್ದಂತೆ ತೋಳು ನಡುಗುತ್ತದೆ, ನಳಿಕೆಯ ತುದಿ ಬಾವಿಯಲ್ಲಿ ಬಿಟ್ಟ ಕೊಡದ ಹಾಗೆ ಓಲಾಡುತ್ತದೆ. ಕಣ್ಣು ಎಷ್ಟು ಚುರುಕಾಗಿದ್ದರೂ ಏನು ಬಂತು? ಕೋವಿ ನಿಲ್ಲಬೇಕು. ನಿಂತರೆ ಹಂದಿ ಬೀಳುತ್ತದೆ, ನಿಲ್ಲದಿದ್ದರೆ ಮರ್ಯಾದೆ ಬೀಳುತ್ತದೆ.

ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದ ಅಬ್ಬಾಸ್ ಅಲಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಿವಮೊಗ್ಗ, ಭದ್ರಾವತಿ ಎರಡು ಕಡೆಯಲ್ಲೂ ಅವನ ಈಡು ತಪ್ಪುವುದಿಲ್ಲ ಎಂಬ ಮಾತಿತ್ತು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟು ಹೊರಟ ಒಬ್ಬ ಕಾಫಿ ತೋಟದ ದೊರೆ ತನ್ನ ರೈಫಲನ್ನು ಅವನಿಗೆ ಮಾರಿಹೋಗಿದ್ದ. ಕೋವಿಯ ಜೊತೆಗೆ ಒಂದು ಚರ್ಮದ ಪಟ್ಟಾ ಬಂತು. ಅದು ಹೆಗಲಿಗೆ ನೇತುಹಾಕಿಕೊಳ್ಳಲಿಕ್ಕೆ ಮಾತ್ರ ಎಂದು ಬೇರೆಯವರು ತಿಳಿದಿದ್ದರು. ದೊರೆ ಅದರ ಇನ್ನೊಂದು ಉಪಯೋಗವನ್ನೂ ತೋರಿಸಿಕೊಟ್ಟಿದ್ದ. ಪಟ್ಟಾದ ಒಂದು ತುದಿ ನಳಿಕೆಯ ಕೆಳಗಿನ ಬಳೆಗೆ, ಇನ್ನೊಂದು ತುದಿಯ ಕುಣಿಕೆ ತೋಳಿನ ಮೇಲ್ಭಾಗಕ್ಕೆ. ಮುಂದಿನ ಮರದ ಹಿಡಿಯನ್ನು ಅಂಗೈಯಲ್ಲಿ ಹಿಡಿದು ಮುಂದಕ್ಕೆ ಒತ್ತಿದರೆ ಪಟ್ಟಾ ಬಿಗಿದುಕೊಂಡು ಕೋವಿ, ತೋಳು, ಭುಜ ಮೂರೂ ಒಂದೇ ಆಗಿಬಿಡುತ್ತವೆ. ಮರದ ಹಿಡಿಗೆ ಅಬ್ಬಾಸ್ ಅಲಿಯೇ ಸೈಕಲ್ ಟ್ಯೂಬು ಸೀಳಿ ಸುತ್ತಿದ್ದ. ಕೈ ಬೆವೆತರೂ ಜಾರಬಾರದು ನೋಡಿ.

ಇನ್ನೊಂದು ಮಾತು ಹೇಳಬೇಕು. ಅಬ್ಬಾಸ್ ಅಲಿ ಎಡಚ. ಕೋವಿಯನ್ನು ಎಡಭುಜಕ್ಕೆ ಆನಿಸಿಕೊಳ್ಳುತ್ತಿದ್ದ. ಆದ್ದರಿಂದ ಮುಂದಿನ ಹಿಡಿಯ ಭಾರ ಹೊರುವುದು ಬಲಗೈ, ಪಟ್ಟಾ ಬೀಳುವುದು ಬಲತೋಳಿಗೆ. ಮೊದಮೊದಲು ಆ ಕುಣಿಕೆ ಮೊಣಕೈಗೆ ಜಾರಿಬಿಡುತ್ತದೆ ಎಂದು ಮನೆಯಲ್ಲಿ ಗೊಣಗಾಡಿದ್ದ. ಆಮೇಲೆ ಜಾರುವುದು ನಿಂತಿತು. ಕೈ ಪಳಗಿತು ಅಂದುಕೊಂಡು ಮೀಸೆ ತಿರುವಿದ.

ಮನೆಯಲ್ಲಿ ಇದ್ದವಳು ಒಬ್ಬಳೇ, ಹೆಂಡತಿ ಮೆಹರ್ ಬಾನು. ಮಕ್ಕಳಾಗಲಿಲ್ಲ. ಅವನು ಶಿಕಾರಿಗೆ ಹೊರಟಾಗಲೆಲ್ಲ ಅವಳು ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಮಡಿಚಿಟ್ಟು ಹೊಲಿದ ಇಮಾಮ್ ಜಾಮಿನ್ ಪಟ್ಟಿಯನ್ನು ಅವನ ಬಲತೋಳಿಗೆ ಕಟ್ಟುತ್ತಿದ್ದಳು. ಪ್ರಯಾಣ ಹೊರಟವರನ್ನು ಇಮಾಮರ ಕಾವಲಿಗೆ ಒಪ್ಪಿಸುವ ಪದ್ಧತಿ ಅದು. ಕ್ಷೇಮವಾಗಿ ವಾಪಸು ಬಂದ ಮೇಲೆ ಬಟ್ಟೆ ಬಿಚ್ಚಿ ನಾಣ್ಯವನ್ನು ಬಡವರಿಗೆ ಕೊಡಬೇಕು. ಮಂದಿ ಹಜ್‌ಗೆ ಹೋಗುವಾಗ, ಮದುವೆಗೆ ಹೊರಡುವಾಗ ಕಟ್ಟುತ್ತಾರೆ. ಮೆಹರ್ ಬಾನು ಭದ್ರಾವತಿಗೆ ಹೊರಟರೂ ಕಟ್ಟುತ್ತಿದ್ದಳು.

"ಹಂದಿ ಹೊಡೆಯೋನಿಗೆ ಇಮಾಮರು ಜಾಮೀನು ನಿಲ್ತಾರೇನೇ?" ಎಂದು ಅವನು ಕಾಡುತ್ತಿದ್ದ.

"ಹಂದಿಗಲ್ಲ, ನಿಮಗೆ ನಿಲ್ತಾರೆ. ಸುಮ್ನೆ ತೋಳು ಕೊಡಿ" ಎನ್ನುತ್ತಿದ್ದಳು.

ಅವನು ಹೊಸ್ತಿಲ ಮೇಲೆ ನಿಂತು, ಶರಟಿನ ತೋಳು ಮೇಲಕ್ಕೆ ಸರಿಸಿ, ಕೈ ಚಾಚಿ, ಮುಖ ಮಾತ್ರ ರಸ್ತೆಯ ಕಡೆಗೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ಬಸ್ಸು ತಪ್ಪುತ್ತೆ ಬೇಗ ಮಾಡೇ ಎಂದು ಅವಸರಪಡಿಸುತ್ತಿದ್ದ. ಅವಳು ಅವಸರ ಮಾಡಿದವಳೇ ಅಲ್ಲ. ಬಟ್ಟೆಯನ್ನು ತೋಳಿನ ನಡುಮಧ್ಯಕ್ಕೆ ಸರಿಯಾಗಿ ಕೂರಿಸಿ, ಎರಡು ಗಂಟು ಬಿಗಿದು, ತುಟಿಯಲ್ಲೇ ಏನೋ ಓದಿ, ಅದರ ಮೇಲೆ ಊದಿ ಕಳಿಸುತ್ತಿದ್ದಳು. ಗಂಟೋ, ಅಡಕೆ ಗಾತ್ರದ್ದು.

ಎರಡು ಬೇಸಿಗೆಯ ಹಿಂದೆ ಗಾಜನೂರಿನ ಕಡೆಗೆ ಹೋಗಿದ್ದ. ಬೆಳಗ್ಗೆ ವಾಪಸು ಬರುವಾಗ ಮನೆಯ ಮುಂದೆ ಚಪ್ಪಲಿಗಳು ಬಿದ್ದಿದ್ದವು. ರಾತ್ರಿ ಮೆಹರ್ ಬಾನು ಎದೆನೋವು ಅಂದಳಂತೆ, ನೀರು ಕೇಳಿದಳಂತೆ, ನೀರು ತರುವಷ್ಟರಲ್ಲಿ ಮುಗಿದಿತ್ತಂತೆ. ಪಕ್ಕದ ಮನೆಯ ಹಾಜರಾ ಇದನ್ನೆಲ್ಲ ಹೇಳುವಾಗ ಅಬ್ಬಾಸ್ ಅಲಿ ಕೋವಿ ಹೆಗಲಿಂದ ಇಳಿಸದೆ ನಿಂತೇ ಇದ್ದ. ಮಣ್ಣು ಮುಗಿಸಿ ಬಂದು ಸ್ನಾನಕ್ಕೆ ಶರಟು ಬಿಚ್ಚಿದಾಗ ತೋಳಿನ ಮೇಲೆ ಆ ಹಸಿರು ಪಟ್ಟಿ ಹಾಗೇ ಇತ್ತು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಗೆ ಹೋಗುವವನಿಗೆ ಕಟ್ಟುತ್ತಾರಲ್ಲ, ಮನೆಯಲ್ಲಿ ಉಳಿದವಳಿಗೆ ಯಾರು ಕಟ್ಟಿದರು? ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿ, ಪಟ್ಟಿಯನ್ನು ಕೋವಿಚೀಲದ ಜೇಬಿಗೆ ತುರುಕಿದ. ನಾಣ್ಯ ಯಾರಿಗೂ ಕೊಡಲಿಲ್ಲ. ಆಮೇಲೆ ಆ ಜೇಬಿಗೆ ಕೈಯನ್ನೇ ಹಾಕಲಿಲ್ಲ.

ಅಲ್ಲಿಂದ ಈಡು ತಪ್ಪತೊಡಗಿತು.

ಮೊದಲ ಸಲ ತಪ್ಪನ್ನು ಗಾಳಿಯ ಮೇಲೆ ಹಾಕಿದ. ಎರಡನೇ ಸಲ ಹಿಡಿಗೆ ಸುತ್ತಿದ ಟ್ಯೂಬಿನ ಮೇಲೆ ಹಾಕಿದ. ಅದನ್ನು ಕಿತ್ತು ಹೊಸ ಟ್ಯೂಬು ಸುತ್ತಿದ, ದಪ್ಪ ಮಾಡಿದ, ತೆಳ್ಳಗೆ ಮಾಡಿದ, ಕೈಯನ್ನು ಒಂದು ಗೇಣು ಹಿಂದಕ್ಕೆ ತಂದು ನೋಡಿದ. ಪಟ್ಟಾವನ್ನು ಒಂದು ತೂತು ಬಿಗಿ ಮಾಡಿದರೆ ಬೆರಳು ಜೋಮು ಹಿಡಿಯಿತು, ಸಡಿಲ ಬಿಟ್ಟರೆ ಕುಣಿಕೆ ಮೊಣಕೈಗೆ ಬಂತು. ಏನು ಮಾಡಿದರೂ ನಳಿಕೆಯ ತುದಿ ಎದೆಬಡಿತಕ್ಕೆ ಸರಿಯಾಗಿ ಎದ್ದು ಬಿದ್ದು ಮಾಡುತ್ತಿತ್ತು. ಕೊನೆಗೆ ಹೋದ ವರ್ಷ ಭದ್ರಾವತಿಯಲ್ಲಿ ಒಂದು ಒಂಟಿ ಹಂದಿಗೆ ಹೊಡೆದ ಗುಂಡು ಅದರ ಕಿವಿ ಹರಿದು ಹೋಯಿತು. ನೊಂದ ಹಂದಿ ನುಗ್ಗಿ, ಪಾಪ, ಕಬ್ಬಿನ ಗದ್ದೆಯ ಆಳು ಉಜ್ಜನಪ್ಪನ ತೊಡೆ ಸೀಳಿತು. ಉಜ್ಜನಪ್ಪ ಬದುಕಿದ, ಕುಂಟುತ್ತಾನೆ. ಅಬ್ಬಾಸ್ ಅಲಿ ಮಾತ್ರ ಅಂದಿನಿಂದ ತನ್ನ ಕೈಯನ್ನು ನಂಬುವುದನ್ನೇ ಬಿಟ್ಟ. ವಯಸ್ಸಾಯಿತು, ನರ ಸತ್ತವು, ಅಷ್ಟೇ ಅಂದುಕೊಂಡ.

ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡುವುದು ಎಂದು ಎಷ್ಟೋ ಸಲ ಯೋಚಿಸಿದ. ಆದರೆ ಒಂದು ಭಯ ತಡೆಯುತ್ತಿತ್ತು. ಲಾರಿಯವರು ಬ್ರೇಕಿಗಾಗಿ ಬರುತ್ತಾರೆ, ಸ್ಪ್ರಿಂಗಿಗಾಗಿ ಬರುತ್ತಾರೆ, ಕೆಲಸ ಮುಗಿದರೆ ಹೋಗುತ್ತಾರೆ. "ಬನ್ನಿ ಸಾಬ್ರೆ, ಊಟ ಮಾಡಿ" ಅಂತ ಅವನನ್ನು ಮನೆಗೆ ಕರೆಯುವವರು ಕೋವಿಯ ದೆಸೆಯಿಂದಲೇ ಕರೆಯುತ್ತಿದ್ದರು. ಕೋವಿ ಹೋದರೆ ಕರೆಯುವವರು ಯಾರು? ಶೆಡ್ಡಿನ ಬಾಗಿಲು ಎಳೆದು ಮನೆಗೆ ಬಂದರೆ ಅಲ್ಲಿ ಬೀಗ, ಬೀಗ ತೆಗೆದರೆ ಒಳಗೆ ಬೆಳಗ್ಗೆ ತಾನೇ ಕುಡಿದಿಟ್ಟ ಲೋಟ. ಆ ಲೋಟ ಕಂಡರೆ ಅವನಿಗೆ ಅಳು ಬರುತ್ತಿತ್ತು.

ಈ ವರ್ಷ ಕೊಟ್ರಬಸಪ್ಪ ಕಬ್ಬಿನ ಲಾರಿಯ ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ: ಕಿವಿಹರಕ ಮತ್ತೆ ಬಂದಿದೆ, ಸಾಬ್ರು ಬರಲೇಬೇಕು.

ಕೊಟ್ರಬಸಪ್ಪ ಭದ್ರಾವತಿಯ ಹೊರಗೆ ನಾಲೆಯ ಪಕ್ಕದಲ್ಲಿ ಜಮೀನಿದ್ದ ಗೌಡ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ. ಭದ್ರಾ ನಾಲೆಯ ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಹಂದಿ ಬಂತು, ಹಂದಿಯ ಹಿಂದೆ ಅಬ್ಬಾಸ್ ಅಲಿ ಬಂದ. ತಮಾಷೆ ನೋಡಿ, ಹೊಡೆಸುವವನೂ ತಿನ್ನುವುದಿಲ್ಲ, ಹೊಡೆಯುವವನೂ ತಿನ್ನುವುದಿಲ್ಲ. ಬಿದ್ದ ಹಂದಿಯನ್ನು ಕಬ್ಬಿಣದ ಕಾರ್ಖಾನೆಯ ಕೂಲಿ ಲೈನಿನ ತಮಿಳರು ಹೊತ್ತುಕೊಂಡು ಹೋಗುತ್ತಿದ್ದರು. ಇವರಿಬ್ಬರು ಬದುವಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

ಅಬ್ಬಾಸ್ ಅಲಿ ಬೆಳಗಿನ ರೈಲು ಹತ್ತಿದ. ಕೋವಿಚೀಲವನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತವನು ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದ. ಇವತ್ತು ತಪ್ಪಿದರೆ ನಾಳೆ ಠಾಣೆಗೆ. ಇನ್ನೊಬ್ಬ ಉಜ್ಜನಪ್ಪನ ಕಾಲು ತನ್ನ ಕೈಯಿಂದ ಹೋಗಬಾರದು. ಆಮೇಲೆ ಕರೆಯುವವರಿಲ್ಲದಿದ್ದರೆ ಇಲ್ಲ.

ಕೊಟ್ರಬಸಪ್ಪನ ಹೆಂಡತಿ ಕಲ್ಲಮ್ಮ ಪಡಸಾಲೆಯಲ್ಲಿ ಮಣೆ ಹಾಕಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. "ಏನ್ ಸಾಬ್ರೆ, ಹೀಗೆ ಕಡ್ಡಿ ಆಗಿದೀರಿ? ಮನೇಲಿ ಒಲೆ ಹಚ್ತೀರೋ ಇಲ್ವೋ?" ಎಂದರು.

"ಹಚ್ತೀನಮ್ಮ, ಚಾಕ್ಕೆ ಹಚ್ತೀನಿ" ಎಂದು ನಗಲು ನೋಡಿದ.

ಊಟವಾದ ಮೇಲೆ ಗದ್ದೆಯ ಅಂಚಿನಲ್ಲಿ ಒಂದು ಒಡೆದ ಮಡಕೆ ಇಟ್ಟು ಕೈ ನೋಡಿಕೊಳ್ಳಲು ಕೂತ. ಕೊಟ್ರಬಸಪ್ಪ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತ. ಇರುವೆ ತುಳಿಯದ ಮನುಷ್ಯ, ಈಡಿನ ಹೊತ್ತಿಗೆ ಮಾತ್ರ ಯಾವತ್ತೂ ಪಕ್ಕ ಬಿಟ್ಟವನಲ್ಲ. ಅಬ್ಬಾಸ್ ಅಲಿ ಕುಣಿಕೆಯನ್ನು ತೋಳಿಗೆ ಏರಿಸಿ, ಹಿಡಿಯನ್ನು ಒತ್ತಿ, ಉಸಿರು ಹಿಡಿದು ಹೊಡೆದ. ಮಣ್ಣು ಎದ್ದಿತು, ಮಡಕೆ ಎಲ್ಲಿತ್ತೋ ಅಲ್ಲೇ ಕೂತಿತ್ತು. ಇನ್ನೊಂದು ಹೊಡೆದ. ಮಡಕೆ ಈಗಲೂ ಜಗ್ಗಲಿಲ್ಲ.

ಅಬ್ಬಾಸ್ ಅಲಿ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. "ಗೌಡ್ರೆ, ಬೇರೆ ಯಾರನ್ನಾದ್ರೂ ಕರೆಸಿ. ನನ್ ಕೈ ಹೋಯ್ತು. ನಾಳೆ ಇದನ್ನ ಠಾಣೆಗೆ ಕೊಟ್ಟುಬಿಡ್ತೀನಿ" ಎಂದ.

ಕೊಟ್ರಬಸಪ್ಪ ಆ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಅವನು ಗೆಳೆಯನ ತೋಳನ್ನೇ ನೋಡುತ್ತಿದ್ದ.

"ಅಲ್ಲ ಮಾರಾಯ, ನಿನ್ ಪಟ್ಟಾ ಯಾಕೆ ಮೊಣಕೈಗೆ ಬಂದು ಕೂತಿದೆ?"

"ಜಾರುತ್ತೆ. ತೋಳಲ್ಲಿ ಮಾಂಸ ಇಲ್ಲ."

"ಮಾಂಸ ಆಗ ಎಲ್ಲಿತ್ತು ನಿಂಗೆ? ಆಗ್ಲೂ ನೀನು ಕಡ್ಡೀನೇ. ಆದ್ರೆ ಇಲ್ಲೊಂದು ಗಂಟಿರ್ತಿತ್ತಲ್ಲ, ಹಸಿರು ಬಟ್ಟೇದು? ಪಟ್ಟಾ ಅದರ ಮೇಲ್ಗಡೆ ಕೂರ್ತಿತ್ತು. ಗಂಟು ಅದನ್ನ ಇಳಿಯೋಕೆ ಬಿಡ್ತಿರ್ಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀನಿ ಕಣಯ್ಯಾ, ಹೋದ ವರ್ಷ ಕತ್ತಲಲ್ಲಿ ಕಾಣ್ಲಿಲ್ಲ ಅಷ್ಟೇ. ನಿಂಗೇ ಗೊತ್ತಿಲ್ವಾ?"

ಅಬ್ಬಾಸ್ ಅಲಿಗೆ ಗೊತ್ತಿರಲಿಲ್ಲ. ಹೊಡೆಯುವವನು ಎದುರಿನ ಹಂದಿಯನ್ನು ನೋಡುತ್ತಾನೆ, ತನ್ನ ತೋಳನ್ನು ಯಾಕೆ ನೋಡುತ್ತಾನೆ? ಅವನು ಕೋವಿಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಜೇಬಿಗೆ ಕೈ ಹಾಕಿದ. ಪಟ್ಟಿ ಮುದುರಿ, ಕೋವಿಯ ಎಣ್ಣೆ ಕುಡಿದು ಕಪ್ಪಾಗಿತ್ತು. ತೋಳಿನ ಮೇಲಿಟ್ಟು ಒಂದು ತುದಿಯನ್ನು ಎಡಗೈಯಲ್ಲಿ, ಇನ್ನೊಂದನ್ನು ಹಲ್ಲಿನಲ್ಲಿ ಹಿಡಿದು ಎಳೆದ. ಗಂಟು ಬೀಳಲಿಲ್ಲ. ಮತ್ತೆ ನೋಡಿದ, ಪಟ್ಟಿ ಕೆಳಗೆ ಬಿತ್ತು. ತನ್ನ ತೋಳಿಗೆ ತಾನೇ ಕಟ್ಟಿಕೊಳ್ಳುವುದು ಒಂಟಿ ಮನುಷ್ಯನಿಂದ ಆಗುವ ಕೆಲಸ ಅಲ್ಲ. ಅದಕ್ಕೆ ಇನ್ನೊಬ್ಬರು ಬೇಕು.

"ಗೌಡ್ರೆ" ಎಂದು ತೋಳು ಚಾಚಿದ. "ಇದನ್ನ ಕಟ್ಟಿ."

ಕೊಟ್ರಬಸಪ್ಪ ಕೈ ಹಿಂದಕ್ಕೆ ಎಳೆದುಕೊಂಡ. "ನಾನು ಮುಟ್ಟಬಹುದೇನಯ್ಯಾ? ನಿಮ್ಮ ದೇವರದ್ದು."

"ಅವಳು ಹೋದ್ಮೇಲೆ ನಂಗೆ ಕಟ್ಟೋರು ಯಾರೂ ಇಲ್ಲ ಗೌಡ್ರೆ."

ಅಷ್ಟೇ ಸಾಕಾಯಿತು. ಕೊಟ್ರಬಸಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಹತ್ತಿರಕ್ಕೆ ಸರಿದ. ತನ್ನ ಕೊರಳಿನ ಶಿವದಾರಕ್ಕೆ ಹಾಕುವ ಗಂಟನ್ನೇ ಹಾಕಿದ, ಅದೊಂದೇ ಅವನಿಗೆ ಬರುತ್ತಿದ್ದ ಬಿಗಿ ಗಂಟು. "ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದ.

"ಅವಳೇನೋ ಓದಿ ಊದ್ತಿದ್ಲು. ನೀವು ನಿಮ್ದೇ ಏನಾದ್ರೂ ಹೇಳಿ."

"ಶಿವನೇ, ನಮ್ ಸಾಬ್ರನ್ನ ಕಾಪಾಡಪ್ಪ" ಎಂದು ಕೊಟ್ರಬಸಪ್ಪ ಗಂಟಿನ ಮೇಲೆ ಊದಿದ. ಊದಿದ ರಭಸಕ್ಕೆ ಹಣೆಯ ವಿಭೂತಿ ಉದುರಿ ಹಸಿರು ಬಟ್ಟೆಯ ಮೇಲೆ ಬಿತ್ತು. ಇಬ್ಬರೂ ನಕ್ಕರು.

ಕುಣಿಕೆ ಗಂಟಿನ ಮೇಲೆ ಕೂತಿತು. ಹಿಡಿಯನ್ನು ಮುಂದಕ್ಕೆ ಒತ್ತಿದ ಕೂಡಲೇ ಪಟ್ಟಾ ಟಣ್ಣೆಂದು ಬಿಗಿಯಿತು. ನಳಿಕೆಯ ತುದಿ ನಿಂತಿತು. ಎದೆ ಬಡಿಯುತ್ತಲೇ ಇತ್ತು, ತುದಿ ಮಾತ್ರ ಅಲುಗಲಿಲ್ಲ. ಅಬ್ಬಾಸ್ ಅಲಿ ಮಡಕೆಗೆ ಹೊಡೆಯಲೇ ಇಲ್ಲ. ಸಾಕು, ಎಂದ.

ಕಾರ್ಖಾನೆಯ ಸಂಜೆಯ ಸೈರನ್ ಕೂಗಿ, ನಾಲೆಯ ನೀರಿನ ಮೇಲೆ ಬೆಳಕು ಇನ್ನೂ ಇರುವಾಗಲೇ ಕಿವಿಹರಕ ಕಬ್ಬಿನಿಂದ ಮೂತಿ ಹೊರಗೆ ಹಾಕಿತು. ಎಂಥಾ ಪ್ರಾಣಿ ಅದು! ಬೆನ್ನಿನ ಕೂದಲು ನೆಟ್ಟಗೆ ನಿಂತಿತ್ತು, ಹರಿದ ಕಿವಿ ಜೋತು ಬಿದ್ದಿತ್ತು. ಇವರ ವಾಸನೆ ಹಿಡಿದು ತಿರುಗಿತು. ಕೊಟ್ರಬಸಪ್ಪ ಕಣ್ಣು ಮುಚ್ಚಿಕೊಂಡ. ಅಬ್ಬಾಸ್ ಅಲಿ ಬಲಗೈಯಿಂದ ಹಿಡಿಯನ್ನು ಒತ್ತಿದ, ಗಂಟು ತೋಳಿಗೆ ಒತ್ತಿತು, ಯಾರೋ ಅಲ್ಲಿ ಬೆರಳಿಟ್ಟು ಹಿಡಿದುಕೊಂಡ ಹಾಗೆ. ಅವಳ ಕೈ ಅಲ್ಲೇ ಇದೆ ಅನ್ನಿಸಿತು. ಹೊಡೆದ. ಹಂದಿ ಎರಡು ಹೆಜ್ಜೆ ಬಂದು ಮುಂಗಾಲು ಮಡಿಚಿ ಬದುವಿನ ಮೇಲೆಯೇ ಬಿತ್ತು.

ಕುಂಟುತ್ತ ಬಂದ ಉಜ್ಜನಪ್ಪ ಹಂದಿಯನ್ನು ನೋಡಿದ, ಆಮೇಲೆ ಅಬ್ಬಾಸ್ ಅಲಿಯನ್ನು ನೋಡಿದ. "ಆಯ್ತು ಬಿಡಿ ಸಾಬ್ರೆ" ಎಂದ. ಅಬ್ಬಾಸ್ ಅಲಿಗೆ ಆ ಒಂದು ಮಾತೇ ಬೇಕಾಗಿತ್ತು. ಉಳಿದುಕೊಳ್ಳಿ ಎಂದು ಕಲ್ಲಮ್ಮ ಎಷ್ಟು ಹೇಳಿದರೂ ಕೇಳದೆ ಕೊನೆಯ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟ.

ಬೆಳಗ್ಗೆ ಎದ್ದಾಗ ಪಟ್ಟಿ ತೋಳಿನಲ್ಲೇ ಇತ್ತು. ಕ್ಷೇಮವಾಗಿ ಬಂದಾಯಿತು, ಇನ್ನು ನಾಣ್ಯ ಇಟ್ಟುಕೊಳ್ಳುವಂತಿಲ್ಲ. ಅವಳ ಕೈಯ ಕೊನೆಯ ವಸ್ತು ಅದೊಂದೇ ಎಂದು ಮನಸ್ಸು ಹಿಂದೆ ಮುಂದೆ ನೋಡಿತು. ಆದರೂ ಕೊಟ್ರಬಸಪ್ಪನ ಗಂಟನ್ನು ಹೆಣಗಾಡಿ ಬಿಚ್ಚಿ, ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದ. ನಾಣ್ಯ ಬಿತ್ತು. ಅದರ ಹಿಂದೆಯೇ ನಾಕು ಮಡಿಕೆ ಮಾಡಿ ಹೊಲಿದ ಚರ್ಮದ ತುಂಡೊಂದು ಬಿತ್ತು. ಎತ್ತಿ ನೋಡಿದ. ತನ್ನದೇ ಹಳೆಯ ಬೆಲ್ಟು! ಇಲಿ ಹೊತ್ತುಕೊಂಡು ಹೋಯಿತು ಎಂದು ಮನೆ ತುಂಬ ಬೋನು ಇಡಿಸಿದ್ದ ಬೆಲ್ಟು.

ನಾಣ್ಯ ಹಿಡಿದುಕೊಂಡು ಪಕ್ಕದ ಹಾಜರಾಳ ಬಾಗಿಲಿಗೆ ಹೋದ. ಹಾಜರಾ ಗಂಡನಿಲ್ಲದವಳು, ಬೀಡಿ ಕಟ್ಟಿ ಬದುಕುವವಳು. ಮೆಹರ್ ಬಾನು ಯಾವಾಗಲೂ ನಾಣ್ಯ ಕೊಡುತ್ತಿದ್ದುದು ಅವಳಿಗೇ. ಅಂಗೈಯಲ್ಲಿ ನಾಣ್ಯ ಕಂಡು ಹಾಜರಾ ಸೆರಗು ತಲೆಗೆ ಎಳೆದುಕೊಂಡಳು.

"ಸಲಾಮತ್ ಬಂದ್ರಾ ಭಾಯ್? ನಾಣ್ಯ ಬರ್ಲಿಲ್ವಲ್ಲ, ಶಿಕಾರಿ ಬಿಟ್ಟೇ ಬಿಟ್ರಿ ಅಂದ್ಕೊಂಡಿದ್ದೆ."

ಅವನು ಚರ್ಮದ ತುಂಡನ್ನು ತೋರಿಸಿದ. "ಇದು ಒಳಗಿತ್ತು. ನಿಂಗೇನಾದ್ರೂ ಗೊತ್ತಾ?"

ಹಾಜರಾ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. "ಮೆಹರ್ ಆಪಾ ನನ್ ಬೀಡಿ ಕತ್ತರೀಲೇ ಕತ್ತರಿಸಿದ್ದು. ಕತ್ತರಿ ಮೊಂಡಾಯ್ತು ಅಂತ ನಾನು ಜಗಳ ಆಡಿದ್ದೆ. ಪಟ್ಟಾ ಜಾರುತ್ತೆ ಅಂತ ನೀವು ಗೊಣಗ್ತಿದ್ರಂತೆ. ಗಂಟು ದಪ್ಪ ಆದ್ರೆ ಜಾರಲ್ಲ ಅಂತ ಯೋಚ್ನೆ ಮಾಡಿ ಹೊಲಿದ್ಲು. ಪ್ರತಿ ಸಲ ಬಟ್ಟೆ ಬಿಚ್ಚಿ ನಾಣ್ಯ ನನಗೆ ಕೊಡೋಳು, ಚರ್ಮ ತಾನಿಟ್ಕೊಂಡು ಮತ್ತೆ ಹೊಲಿಯೋಳು."

"ನಂಗ್ಯಾಕೆ ಹೇಳ್ಲಿಲ್ಲ?"

"ಕೇಳಿದ್ದೆ ನಾನು. 'ಬೇಡ ಬಿಡೇ, ಕೈ ಪಳಗಿದೆ ಅಂದ್ಕೊಂಡು ಖುಷಿಯಾಗಿದಾರೆ, ಹಾಗೇ ಇರ್ಲಿ' ಅಂದ್ಲು."

ಅಬ್ಬಾಸ್ ಅಲಿ ನಾಣ್ಯವನ್ನು ಅವಳ ಕೈಗಿಟ್ಟು ಮನೆಗೆ ಬಂದು ಬಾಗಿಲು ಹಾಕಿಕೊಂಡ. ಅಲ್ಲಿ ಕೂತು, ಗಂಡಸು ಎಂಬ ನಾಚಿಕೆಯನ್ನೂ ಬಿಟ್ಟು, ಜೋರಾಗಿ ಅತ್ತ. ಊರೆಲ್ಲ ತನ್ನ ಕೈಯನ್ನು ಹೊಗಳುವಾಗ ಅವಳು ಒಳಗೆ ಅಕ್ಕಿ ಆರಿಸುತ್ತ ಸುಮ್ಮನೆ ಕೇಳಿಸಿಕೊಂಡಿದ್ದಳು. ಒಂದು ಸಲವಾದರೂ ತುಟಿ ಎರಡು ಮಾಡಲಿಲ್ಲ. ಈಗ ಅವಳಿಗೆ ಹೇಳಬೇಕು ಅನ್ನಿಸಿತು, ಈಡು ನಿನ್ನದೇ ಕಣೇ ಎಂದು. ಹೇಳೋಣವೆಂದರೆ ಮನೆಯಲ್ಲಿ ಆ ಲೋಟ ಒಂದೇ ಇತ್ತು.

ಮುಂದಿನ ಸುಗ್ಗಿಗೆ ಕೊಟ್ರಬಸಪ್ಪನ ಕರೆ ಬಂತು. ಅಬ್ಬಾಸ್ ಅಲಿ ಬಟ್ಟೆಯ ಒಳಗೆ ತಾನೇ ಒಂದು ನಾಣ್ಯ ಇಟ್ಟ, ಚರ್ಮದ ತುಂಡನ್ನೂ ಇಟ್ಟ, ಲಾರಿಯ ಸೀಟು ಹೊಲಿಯುವ ದಬ್ಬಳದಿಂದ ಒರಟೊರಟಾಗಿ ಹೊಲಿದ. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದವನು, ರೂಢಿಯ ಪ್ರಕಾರ ಶರಟಿನ ತೋಳು ಮೇಲಕ್ಕೆ ಸರಿಸಿ, ಮನೆಯ ಒಳಗಡೆಗೆ ಕೈ ಚಾಚಿ, ಮುಖ ರಸ್ತೆಯ ಕಡೆಗೆ ತಿರುಗಿಸಿ ನಿಂತ. ಈ ಸಲ ಬೇಗ ಮಾಡು ಎನ್ನಲಿಲ್ಲ. ರಸ್ತೆಯಲ್ಲಿ ಲಾರಿಗಳು ಹೋದವು, ರೈಲಿನ ಹೊತ್ತು ಹತ್ತಿರವಾಯಿತು. ಆಮೇಲೆ ಅವನು ತೋಳು ಇಳಿಸಿಕೊಂಡ, ಪಟ್ಟಿಯನ್ನು ಜೇಬಿಗೆ ಹಾಕಿದ, ಬಾಗಿಲಿಗೆ ಬೀಗ ಹಾಕಿದ. ಭದ್ರಾವತಿಯಲ್ಲಿ ಕಟ್ಟುವವರಿದ್ದರು.